ಕಟ್ಟಿಹಾಕಿದ ಮಂಜುಗಡ್ಡೆ

ನನ್ನ ತಂಗಿ ಮಂಜುಗಡ್ಡೆಯನ್ನು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಆದರೂ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಕಂಪ್ಯೂಟರಿನಲ್ಲಿ ಧ್ರುವದ ಕಡಲನ್ನೇ ಹೆಪ್ಪುಗಟ್ಟಿಸುತ್ತಿದ್ದಳು. ಮನುಷ್ಯರು ಕೈ ಹಾಕದಿದ್ದರೂ ಹವಾಮಾನ ತಾನಾಗಿ ಏರಿಳಿಯುತ್ತದಂತೆ. ಕಡಲ ಮೇಲಿನ ಮಂಜುಗಡ್ಡೆ ಆ ಏರಿಳಿತವನ್ನು ಹೆಚ್ಚಿಸುತ್ತದೆಯೇ ಎಂಬುದು ಅವಳ ಪ್ರಶ್ನೆ. ಅದಕ್ಕೆಂದೇ ಕಂಪ್ಯೂಟರಿನೊಳಗೆ ಬರೀ ಲೆಕ್ಕದಿಂದ ಒಂದು ಪುಟ್ಟ ಭೂಮಿ ಮಾಡಿಕೊಂಡಿದ್ದಳು. ಬೀದಿಯವರು 'ಐಸಮ್ಮ' ಎಂದು ರೇಗಿಸಿದರೆ ನಕ್ಕು ಸುಮ್ಮನಾಗುವಳು. ಜಗಳಕ್ಕೆ ಹೋಗುವವನು ನಾನು.

ಆವತ್ತು ಸಂಶೋಧನಾ ಕೇಂದ್ರದಲ್ಲಿ ಅವಳ ಸಂದರ್ಶನ. ವರ್ಷಗಟ್ಟಲೆ ಕಾದ ಕಾಯಂ ಕೆಲಸ. ಮಂಜುಗಡ್ಡೆ ಇದ್ದರೂ ಇಲ್ಲದಿದ್ದರೂ ಏರಿಳಿತ ಒಂದೇ ಎಂದು ಅವಳ ಲೆಕ್ಕ ಹೇಳಿತ್ತು. ಅಲ್ಲಿನ ಮುಖ್ಯಸ್ಥರ ಹಳೆಯ ವಾದವೂ ಅದೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ ಎಂದು ನಾನು ಹಿಗ್ಗಿಕೊಂಡು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ.

ಹೊರಗಿನ ಬೆಂಚಿನ ಮೇಲೆ ಕಂಪ್ಯೂಟರ್ ತೆರೆದವಳ ಮುಖ ಬಿಳಿಚಿಕೊಂಡಿತು.

"ಅಣ್ಣಾ, ಪರೀಕ್ಷೆಗೆ ಅಂತ ಲೆಕ್ಕದೊಳಗೆ ಐಸನ್ನ ಅಲುಗದ ಹಾಗೆ ಕಟ್ಟಿಹಾಕಿದ್ದೆ. ಬಿಚ್ಚೋದೇ ಮರ್ತಿದೀನಿ. ಕರಗದೆ, ಬೆಳೀದೆ ಬಿದ್ದಿದ್ರೆ ಅದು ಇದ್ದೂ ಇಲ್ಲದ ಹಾಗೇ ಅಲ್ವಾ?"

ಕಚ್ಚಾ ಹೊಲಿಗೆ ಬಿಚ್ಚದೆ ಅಂಗಿ ಕೊಟ್ಟ ಹಾಗೆ.

"ಬಾಯಿ ಮುಚ್ಕೊಂಡು ಇದನ್ನೇ ತೋರ್ಸು. ಕೈಗೆ ಬಂದ ತುತ್ತನ್ನ ಚೆಲ್ಕೋಬೇಡ ಕಣೇ."

"ಗೊತ್ತಿದ್ದೂ ಸುಳ್ಳು ಹೇಳ್ಲಾ?" ಎಂದವಳೇ ಮಂಜುಗಡ್ಡೆಯ ಕಟ್ಟು ಬಿಚ್ಚಿ ಲೆಕ್ಕವನ್ನು ಮತ್ತೆ ಓಡಿಸಿದಳು. ಅದು ಮುಗಿಯುವ ಮೊದಲೇ ಒಳಗಿಂದ ಕರೆ ಬಂತು. ತೆರೆದ ಕಂಪ್ಯೂಟರನ್ನು ಹಾಗೇ ಹಿಡಿದುಕೊಂಡು ಹೋದಳು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಿಂದ, ಅವಳ ಕಂಪ್ಯೂಟರಿನ ಚಿತ್ರ ಮೂಡಿದ್ದ ಗೋಡೆಯ ಪರದೆ ಕಾಣುತ್ತಿತ್ತು.

"ಸರ್, ನಾನು ಮೊದ್ಲೇ ಕಳ್ಸಿದ್ದ ಲೆಕ್ಕದ ಚಿತ್ರ ತಪ್ಪು. ಸರಿಯಾದದ್ದು ಈಗ ಬರ್ತಿದೆ. ಸ್ವಲ್ಪ ಕಾಯ್ತೀರಾ?"

ನಾನು ಸಂದಿಗೆ ಇನ್ನಷ್ಟು ಹತ್ತಿರ ಸರಿದೆ. ಪರದೆಯ ಗೆರೆ ಸಪ್ಪಗೆ ನಡೆದು, ಆಮೇಲೆ ಏರಿತು, ಇಳಿಯಿತು, ಇನ್ನೂ ಆಳಕ್ಕೆ ಇಳಿಯಿತು.

"ಒಂದು ವರ್ಷ ಸೆಕೆ ಹೆಚ್ಚಾದ್ರೆ ಬಿಳಿ ಐಸ್ ಕರಗುತ್ತೆ, ಕೆಳಗಿನ ಕಪ್ಪು ನೀರು ಬಿಸಿಲು ಹೀರುತ್ತೆ, ಸೆಕೆ ಇನ್ನೂ ಏರುತ್ತೆ. ಚಳಿಗೂ ಹಾಗೇ, ಉಲ್ಟಾ. ಐಸ್ ಇದ್ರೆ ಏರಿಳಿತ ದೊಡ್ಡದು ಸರ್."

"ಹಾಗಾದ್ರೆ ನಾನು ಇಷ್ಟು ವರ್ಷ ಹೇಳಿದ್ದು?" ಎಂದರು ಮುಖ್ಯಸ್ಥರು.

"ಈ ಲೆಕ್ಕದಲ್ಲಿ ಅದು ನಿಲ್ಲಲ್ಲ ಸರ್."

ಕುರ್ಚಿ ಸರಿದ ಸದ್ದು. "ನೀವಿನ್ನು ಹೊರಡಬಹುದು. ನಾವು ಬೇರೆಯವರನ್ನ ನೋಡ್ತೀವಿ."

ದಾರಿಯುದ್ದಕ್ಕೂ ಅವಳನ್ನು ಬೈಯಬೇಕೆಂದು ಹಲ್ಲು ಕಚ್ಚಿಕೊಂಡೇ ಸ್ಕೂಟರ್ ಓಡಿಸಿದೆ. ನಮ್ಮ ಬೀದಿಯ ತಿರುವಿನಲ್ಲಿ ಅಂಗಡಿಯವನು ಅಡ್ಡ ಬಂದ.

"ಏನ್ ಐಸಮ್ಮ, ಕೆಲ್ಸ ಗಟ್ಟಿಯಾಯ್ತಾ, ಕರಗಿಹೋಯ್ತಾ?"

ಯಾಕೋ ಜಗಳ ಬೇಡವೆನಿಸಿತು.

"ಕೆಲ್ಸ ಹೋಯ್ತು ಮಾರಾಯ," ಎಂದೆ. "ನನ್ನ ತಂಗಿ ಲೆಕ್ಕ ಸರಿ ಬಂತು."

ಯಾವತ್ತೂ ನಕ್ಕು ಸುಮ್ಮನಾಗುವವಳು ನನ್ನ ಬೆನ್ನಿಗೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅತ್ತಳು.