ಬಾಯಮ್ಮನ ಪುರುಸೊತ್ತು

ಸಂಜೆ ಗೇಟು ತೆಗೆದು ಬರುವಾಗ ಬಾಯಮ್ಮನ ಪಾದಗಳು ಚಪ್ಪಲಿಯ ಪಟ್ಟಿಯ ಎರಡೂ ಕಡೆ ಹುಳಿಬಂದ ಹಿಟ್ಟಿನ ಹಾಗೆ ಉಕ್ಕಿರುತ್ತಿದ್ದವು. ಮೆಟ್ಟಿಲಲ್ಲಿ ಕುಳಿತು, ಚಪ್ಪಲಿಯನ್ನು ಕೈಯಿಂದಲೇ ಎಳೆದು ಬಿಸಾಡಿ, “ದೇವಾ! ಆಸ್ಪತ್ರೆಯ ಸ್ಟೂಲು ಮಾಡಿದವನಿಗೆ ಸೊಂಟವೇ ಇಲ್ಲವಾ ಎಂತ?” ಎಂದು ಬೈಯುತ್ತಿದ್ದರು. ಮರುದಿನ ಬೆಳಿಗ್ಗೆ ಪುನಃ ಅದೇ ಸ್ಟೂಲಿಗೆ ಹೊರಡುತ್ತಿದ್ದರು.

ಬಿಜೈಯಲ್ಲಿ ನಮ್ಮ ಪಕ್ಕದ ಮನೆ ಅವರದು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ತುಳುವರಾದ ನಾವು ಕರೆಯುವ ಹಾಗೆ ಅವರನ್ನೂ ಬಾಯಮ್ಮ ಎಂದೇ ಕರೆದೆವು. ಗಂಡ ತೀರಿಕೊಂಡಿದ್ದರು, ಟೀಚರ್ ಕೆಲಸದಿಂದ ನಿವೃತ್ತಿಯಾಗಿತ್ತು, ಮಗ-ಸೊಸೆಯ ಜೊತೆ ಇದ್ದರು. ನಮ್ಮ ಊರಿನ ಆಸ್ಪತ್ರೆಗಳಿಗೆ ಘಟ್ಟದ ಮೇಲಿನಿಂದ, ಕಾಸರಗೋಡಿನ ಕಡೆಯಿಂದ ಜನ ಬರುತ್ತಾರೆ. ರೋಗಿಯ ಪಕ್ಕದಲ್ಲಿ ಮನೆಯವರೊಬ್ಬರು ಇರಲೇಬೇಕು. ಬೈಸ್ಟ್ಯಾಂಡರ್ ಎಂದು ಕೊರಳಿಗೊಂದು ಕಾರ್ಡು ಹಾಕುತ್ತಾರೆ. ಗಂಡ ಹೆಂಡತಿ ಇಬ್ಬರೇ ಬಂದರೆ ಕಥೆ ಮುಗಿಯಿತು. ಔಷಧಿಗೆ, ರಕ್ತಕ್ಕೆ, ಒಂದು ತುತ್ತು ಊಟಕ್ಕೆ ಓಡುವವರು ಯಾರು, ಹಾಸಿಗೆಯ ಹತ್ತಿರ ಇರುವವರು ಯಾರು? ಅಂಥ ಕಡೆ ಬಾಯಮ್ಮ ಹೋಗಿ ಕೂರುತ್ತಿದ್ದರು. ಯಾರೂ ನೇಮಿಸಿದ್ದಲ್ಲ.

ಅವರು ಮೃದು ಮಾತಿನವರಲ್ಲ. ರೋಗ ಯಾವುದೆಂದು ಕೇಳುತ್ತಿರಲಿಲ್ಲ. ಊರಿನಲ್ಲಿ ದನ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಿದ್ದರು. ಅತ್ತವರಿಗೆ ಗದರುತ್ತಿದ್ದರು. ಹಣ ಕೇಳಿದವರಿಗಂತೂ ಸಿಡುಕು: “ಹಣ ಬೇರೆಯವರ ಹತ್ರ ಕೇಳು. ನನ್ನ ಹತ್ರ ಇರುವುದು ಪುರ್ಸೊತ್ತು ಮಾತ್ರ. ಬೇಕಾದ್ರೆ ತಕ್ಕೊ.”

ನನ್ನ ಅಮ್ಮ ಸೊಂಟ ಮುರಿದು ಮಲಗಿದಾಗ ನಾನು ತಕ್ಕೊಂಡೆ. ನನಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಅಮ್ಮನಿಗೆ ಬೆಡ್‌ಪ್ಯಾನ್ ಎಂದರೆ ಸಾವಿಗಿಂತ ಹೆಚ್ಚು. ದೊಡ್ಡ ಮನೆತನದಲ್ಲಿ ಹುಟ್ಟಿದವಳು, ಪರರ ಮುಂದೆ ಹೇಗೆ ಎಂದು ಹಲ್ಲು ಕಚ್ಚಿ ಮಲಗಿದ್ದಳು. ಬಾಯಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತರು. “ಮಕ್ಕಳನ್ನು ಹೆತ್ತವಳಿಗೆ ಎಂತದು ನಾಚಿಕೆ ಮಾರಾಯ್ತಿ? ಕಾಲೆತ್ತು!” ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, ಬಂಗುಡೆ ಮೀನಿಗೆ ಈ ವರ್ಷ ಬಂಗಾರದ ರೇಟು ಎಂದು ತಮ್ಮಷ್ಟಕ್ಕೆ ಮಾತಾಡುತ್ತಾ ನಿಂತರು. ಅಮ್ಮ ಆ ನೋವಿನಲ್ಲೂ ನಕ್ಕಳು. ಆ ಋಣ ನನ್ನ ಮೇಲೆ ಈಗಲೂ ಉಂಟು.

ಬಾಯಮ್ಮ ತೀರಿಹೋದದ್ದು ಐಸಿಯುನಲ್ಲಿ. ಅಲ್ಲಿ ಬೈಸ್ಟ್ಯಾಂಡರನ್ನು ಬಿಡುವುದಿಲ್ಲ. ಎಷ್ಟೋ ಜನರ ಪಕ್ಕ ಕೂತವರು ಗಾಜಿನ ಬಾಗಿಲಿನ ಆಚೆ ಒಬ್ಬರೇ ಹೋದರು. ನಾವೆಲ್ಲ ಈಚೆ ಬೆಂಚಿನಲ್ಲಿದ್ದೆವು. ದೇವರ ನ್ಯಾಯದ ಬಗ್ಗೆ ನನ್ನ ಹತ್ತಿರ ಯಾರೂ ಮಾತಾಡಬೇಡಿ.

ಮಗ ಕೆಟ್ಟವನಲ್ಲ. ಹಂಪನಕಟ್ಟೆಯಲ್ಲಿ ಅಂಗಡಿ ಉಂಟು, ತಾಯಿಗಾಗಿ ನಿಜವಾಗಿಯೇ ಅತ್ತ. ಅವರ ಹೆಸರಿನಲ್ಲಿ ಬಡ ರೋಗಿಗಳಿಗೆ ನೆರವಿನ ನಿಧಿ ಮಾಡುತ್ತೇನೆಂದಾಗ ನನಗೂ ಸಂತೋಷವಾಯಿತು. ನಾನು ಒಂದೇ ಮಾತು ಹೇಳಿದೆ: ಆ ನಿಧಿಯ ಬಡ್ಡಿಯಲ್ಲಿ ಸಂಬಳ ಕೊಟ್ಟು ಇಬ್ಬರು ಹೆಂಗಸರನ್ನು ಇಡುವ, ಯಾರೂ ಇಲ್ಲದವರ ಹತ್ತಿರ ಕೂರಲಿ. ಬಾಯಮ್ಮ ಮಾಡಿದ್ದು ಅದನ್ನೇ ಅಲ್ಲವಾ?

“ಒಳ್ಳೆದೇ ಅಕ್ಕ,” ಎಂದ. “ಆದ್ರೆ ಸುಮ್ಮನೆ ಕೂತ್ಕೊಳ್ಳುವುದನ್ನು ಫೋಟೋ ಹೇಗೆ ತೆಗೆಯುವುದು? ಡೊನೇಶನ್ ಕೊಟ್ಟವರಿಗೆ ಎಂತಾದ್ರೂ ತೋರಿಸ್ಬೇಕಲ್ಲ.”

ಮೊದಲ ಪುಣ್ಯತಿಥಿಗೆ ಹಾಲ್ ಹಿಡಿದರು. ಫ್ಲೆಕ್ಸಿನಲ್ಲಿ ಬಾಯಮ್ಮನ ಮುಖವನ್ನು ಬೆಳ್ಳಗೆ ಮಾಡಿ, ಕೆಳಗೆ ‘ಮಮತೆಯ ಮೃದುಭಾಷಿ’ ಎಂದು ಬರೆಸಿದ್ದರು. ಅವರಿದ್ದಿದ್ದರೆ ಫ್ಲೆಕ್ಸ್ ಹರಿದು ಒಲೆಗೆ ಹಾಕುತ್ತಿದ್ದರು. ನೆರವು ಪಡೆಯುವವಳು ಮೊದಲ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ಕೂತಿದ್ದಳು. ಘಟ್ಟದ ಮೇಲಿನ ಹೆಂಗಸು. ಕುರ್ಚಿಯ ತುದಿಯಲ್ಲಿ ಕೂತು ಬಾಗಿಲು ನೋಡುತ್ತಿದ್ದಳು. ಕೊರಳಲ್ಲಿ ಬೈಸ್ಟ್ಯಾಂಡರ್ ಕಾರ್ಡು ನೇತಾಡುತ್ತಿತ್ತು.

“ಆಸ್ಪತ್ರೆಯಲ್ಲಿ ಯಾರಿದ್ದಾರೆ?” ಎಂದು ಕೇಳಿದೆ.

“ಯಾರೂ ಇಲ್ಲ ಕಣಕ್ಕ. ಇವ್ರಿಗೆ ಆಪರೇಶನ್ ಆಗೈತೆ. ನೀನೇ ಬಂದು ಚೆಕ್ ಈಸ್ಕೊಬೇಕು ಅಂದ್ರು. ಬಂದೆ.”

ನನ್ನ ಮೈಯೆಲ್ಲ ಉರಿಯಿತು. ವೇದಿಕೆಗೆ ಹೋಗಿ ಬಾಯಮ್ಮನ ಮಗನನ್ನು ಕರೆದು, ಮೊದಲು ಇವಳಿಗೆ ಕೊಟ್ಟು ಕಳಿಸು ಎಂದೆ. “ಐದೇ ನಿಮಿಷ ಅಕ್ಕ, ಗೆಸ್ಟ್ ಕೊಟ್ಟಾರದಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿದ್ದಾರೆ. ಅವರ ಕೈಯಿಂದಲೇ ಕೊಡಿಸ್ಬೇಕು” ಎಂದ. ಅಲ್ಲಿ ನಿಂತು ಜಗಳವಾಡಿ ಸುಖವಿಲ್ಲ. ಅವಳ ಹತ್ತಿರ ವಾರ್ಡು ಕೇಳಿಕೊಂಡು, ಕೊರಳಿನ ಕಾರ್ಡನ್ನೂ ತೆಗೆಸಿಕೊಂಡು ಆಟೊ ಹತ್ತಿದೆ.

ಅವಳ ಗಂಡ ಮಂಚದಿಂದ ಅರ್ಧ ಕೆಳಗೆ ಜಾರಿದ್ದರು. ನೀರಿನ ಬಾಟಲಿಗೆ ಕೈ ಚಾಚಲು ಹೋದದ್ದಂತೆ. ಸೂಜಿ ಕಿತ್ತು ಹೋಗಿ ಹಾಸಿಗೆಯೆಲ್ಲ ರಕ್ತ. ಸಿಸ್ಟರ್ ಅವರನ್ನು ಎತ್ತುತ್ತಾ, ನನ್ನ ಕೊರಳಿನ ಕಾರ್ಡು ನೋಡಿ ಕಿರುಚಿದಳು: “ಪೇಶೆಂಟನ್ನು ಬಿಟ್ಟು ಎಲ್ಲಿ ಸುತ್ತಲಿಕ್ಕೆ ಹೋದದ್ದು ನೀವು?” ನಾನು ಬೈಸಿಕೊಂಡೆ. ಆ ಬೈಗುಳ ಯಾರಿಗೆ ಸೇರಬೇಕಾದದ್ದೋ ಅವರು ಹಾಲ್‌ನಲ್ಲಿ ಮೈಕ್ ಹಿಡಿದಿದ್ದರು.

ಸ್ಟೂಲಿನಲ್ಲಿ ಕೂತೆ. ನೀರು ಕುಡಿಸಿದೆ. ಬಾಯಮ್ಮನ ಹಾಗೆ ದನದ ಸುದ್ದಿ ಕೇಳಲು ನನಗೆ ಬರಲಿಲ್ಲ.

ತುಂಬ ಹೊತ್ತಿನ ಮೇಲೆ ಹೆಂಗಸು ಓಡಿ ಬಂದಳು, ಸನ್ಮಾನದ ಶಾಲು ಹೆಗಲಲ್ಲೇ ಇತ್ತು. ಗಂಡನ ಕೈಗೆ ಹೊಸದಾಗಿ ಸುತ್ತಿದ್ದ ಬಟ್ಟೆ ಸವರಿದಳು. ಆಮೇಲೆ ಚೆಕ್ಕಿನ ಕವರನ್ನು ನನ್ನ ಮುಂದೆ ಹಿಡಿದು, ಅದರ ಮೇಲೆ ಅಚ್ಚಾಗಿದ್ದ ಬಾಯಮ್ಮನ ಬೆಳ್ಳಗಿನ ಮುಖ ತೋರಿಸಿದಳು.

“ಅಷ್ಟೊತ್ತು ಭಾಷಣ ಮಾಡಿದ್ರು, ನಂಗೆ ತಲೇಗೇ ಹೋಗ್ಲಿಲ್ಲ. ಈಯಮ್ಮ ಯಾರಕ್ಕ?”

ನಾನು ಎದ್ದು ಅವಳಿಗೆ ಸ್ಟೂಲು ಬಿಟ್ಟುಕೊಟ್ಟೆ.

“ಬದುಕಿದ್ದಿದ್ರೆ ಅವರು ಆ ಹಾಲ್‌ನಲ್ಲಿ ಇರ್ತಿರಲಿಲ್ಲ,” ಎಂದೆ. “ಇಲ್ಲಿ ಇರ್ತಿದ್ರು.”