ನೀರು ಮಾರದವನಿಗೆ ಸನ್ಮಾನ

ಕಳೆದ ಭಾನುವಾರ ಕೆನಡಾದ ಪೋರ್ಟ್ ಕ್ರೆಡಿಟ್‌ನಲ್ಲಿ, ಸರೋವರದ ದಂಡೆಯ ಮೇಲೆ ನಡೆದ ಕನ್ನಡ ಬಳಗದ ಪಿಕ್‌ನಿಕ್ಕಿನಲ್ಲಿ ನಮ್ಮ ಶಿವಣ್ಣನಿಗೆ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಕೆಳಗೆ ಶಾರ್ಟ್ಸು, ತಲೆಗೆ ಮೈಸೂರು ಪೇಟ. ಎಲ್ಲವೂ ಅವನು ಮಾಡದೇ ಇದ್ದ ಕೆಲಸಕ್ಕೆ.

ತಪ್ಪು ನನ್ನದೂ ಇದೆ. ಮೊದಲಿನಿಂದ ಹೇಳುತ್ತೇನೆ.

ಶಿವಣ್ಣ ನನ್ನ ದೊಡ್ಡಪ್ಪನ ಮಗ, ಬೈಲಹೊಂಗಲದವನು. ಇಪ್ಪತ್ತು ವರ್ಷದಿಂದ ಆಸ್ಟ್ರೇಲಿಯಾದ ನದಿ ದಂಡೆಯ ಒಂದು ಸಣ್ಣ ಊರಲ್ಲಿ ನೀರಾವರಿ ಪಂಪುಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅಲ್ಲಿ ರೈತರಿಗೆ ಹೊಲ ಬೇರೆ, ನದಿ ನೀರಿನ ಹಕ್ಕು ಬೇರೆ. ಹೊಲ ಇಟ್ಟುಕೊಂಡು ನೀರನ್ನಷ್ಟೇ ಮಾರಬಹುದು. (ನಮ್ಮೂರಲ್ಲಿ ಹೀಗಿದ್ದಿದ್ದರೆ ಅಣ್ಣತಮ್ಮಂದಿರು ಬಾವಿಯ ಹಗ್ಗಕ್ಕೂ ಕೋರ್ಟಿಗೆ ಹೋಗುತ್ತಿದ್ದರು.) ನದಿ ಬತ್ತುತ್ತಿದೆ ಅಂತ ಸರ್ಕಾರ ಆ ಹಕ್ಕನ್ನು ರೈತರಿಂದ ದುಡ್ಡು ಕೊಟ್ಟು ವಾಪಸ್ ಕೊಂಡಿತು. ನೀರು ನದಿಯಲ್ಲೇ ಉಳಿಯಿತು. ಮಾರಿದವರು ಸಮುದ್ರದ ಕಡೆ ಹೋಗಿ ಮನೆ ಮಾಡಿದರು. ಒಳ್ಳೆಯದೇ ಅಲ್ಲವೇ?

ಆದರೆ ನೀರೆತ್ತದ ಊರಲ್ಲಿ ಪಂಪ್ ರಿಪೇರಿಗೆ ಯಾರು ಬರುತ್ತಾರೆ? ಶಿವಣ್ಣ ಅಂಗಡಿ ಮುಚ್ಚಿದ. ಕೆನಡಾದಲ್ಲಿ ಏನಾದರೂ ಸಿಗುತ್ತದೆಯೇ ನೋಡೋಣ ಅಂತ ನಮ್ಮ ಮನೆಗೆ ಬಂದ. ವೀಸಾದ ಮಾತೆಲ್ಲ ಆಮೇಲೆ, ಮೊದಲು 'ಬಾ' ಅನ್ನುವ ಒಬ್ಬ ಮಾಲೀಕ ಬೇಕು. ಅಂಥವರೊಬ್ಬರು ನನಗೆ ಗೊತ್ತಿದ್ದರು. ನಮ್ಮ ಬಳಗದ ಶೆಟ್ಟರು, ಉಡುಪಿ ಕಡೆಯವರು. ವುಡ್‌ಬ್ರಿಡ್ಜ್‌ನಲ್ಲಿ ಅವರದೂ ಪಂಪುಗಳದೇ ವರ್ಕ್‌ಶಾಪು.

ಪಿಕ್‌ನಿಕ್ಕಲ್ಲಿ ಇಬ್ಬರನ್ನೂ ಭೇಟಿ ಮಾಡಿಸೋಣ ಅಂತ ಬಳಗದ ಸೆಕ್ರೆಟರಿಗೆ ಫೋನ್ ಮಾಡಿದೆ. ನಮ್ಮಣ್ಣ ಆಸ್ಟ್ರೇಲಿಯಾದಿಂದ ಬಂದಿದ್ದಾನೆ, ಅವನ ಊರಲ್ಲಿ ಸರ್ಕಾರವೇ ರೈತರ ನೀರನ್ನು ಕೊಂಡುಕೊಂಡಿತು ಅಂದೆ. ಮುಂದಿನ ಮಾತು ಹೇಳುವಷ್ಟರಲ್ಲಿ ಅವರು, ಬಿಡಿ ಮೇಡಂ, ಎಲ್ಲ ಅರೇಂಜ್ ಮಾಡ್ತೀನಿ ಅಂದು ಫೋನ್ ಇಟ್ಟೇಬಿಟ್ಟರು.

ಅರೇಂಜ್ ಅಂದರೆ ಇನ್ನೇನು? ಸನ್ಮಾನ. ಹೊರಗಿನಿಂದ ಬಂದ ಕನ್ನಡಿಗನಿಗೆ ಶಾಲು ಹೊದಿಸದೆ ಕಳಿಸಿದರೆ ನಮ್ಮವರಿಗೆ ತಿಂದ ಅನ್ನ ಅರಗುವುದಿಲ್ಲ. ಸೆಕ್ರೆಟರಿಯ ಕಾರಿನ ಟ್ರಂಕಿನಲ್ಲಿ ಚಳಿಗಾಲಕ್ಕೆ ಹಿಮ ಎತ್ತುವ ಸಲಿಕೆ, ಬೇಸಿಗೆಗೆ ಶಾಲಿನ ಬಾಕ್ಸು ಸದಾ ಸಿದ್ಧ.

ಅಧ್ಯಕ್ಷರು ಮೈಕ್ ಹಿಡಿದರು. ಮೈಮೇಲೆ, ಕಳೆದ ವರ್ಷ ಕೆನಡಾಕ್ಕೆ ನೂರೈವತ್ತು ತುಂಬಿದಾಗ ಕೊಂಡ ಕೆಂಪು ಟೀ-ಶರ್ಟು. ನದಿ ನೀರನ್ನೇ ಸರ್ಕಾರಕ್ಕೆ ಮಾರಿ ಗೆದ್ದ ಕನ್ನಡದ ಕಣ್ಮಣಿ ಅಂತ ಶಿವಣ್ಣನನ್ನು ಹೊಗಳಿದರು. ಭಾರೀ ಚಪ್ಪಾಳೆ. ಕಾವೇರಿ, ಮಹದಾಯಿ ಅಂದರೆ ವಾಟ್ಸಾಪಿನಲ್ಲಿ ಪ್ರಾಣ ಕೊಡುವ ಜನ ನಾವು. ಒಂದು ಹನಿಯನ್ನೂ ಬಿಡುವುದಿಲ್ಲ ಅಂತ ಬೆಳಿಗ್ಗೆ ಫಾರ್ವರ್ಡ್ ಮಾಡಿದವರೇ ಮಧ್ಯಾಹ್ನ ನೀರು ಮಾರಿದವನ ಜೊತೆ ಸೆಲ್ಫಿಗೆ ಸಾಲುಗಟ್ಟಿದರು. ರಾಜ್ಯೋತ್ಸವಕ್ಕೆ ಪ್ಲಾಟಿನಂ ಸ್ಪಾನ್ಸರ್ ಆಗ್ತೀರಾ ಅಂತ ಒಬ್ಬರು. ಬ್ರಾಂಪ್ಟನ್ ಕಡೆ ಒಳ್ಳೇ ಪ್ರಾಪರ್ಟಿ ಇದೆ ಅಂತ ಇನ್ನೊಬ್ಬರು. (ರಿಯಲ್ ಎಸ್ಟೇಟ್ ಏಜೆಂಟ್ ಇಲ್ಲದ ಪಿಕ್‌ನಿಕ್ಕು ಈ ಊರಲ್ಲಿ ನಡೆದದ್ದುಂಟೇ?) ಶೆಟ್ಟರಂತೂ ಅವನ ಕೈ ಹಿಡಿದವರು ಬಿಡಲೇ ಇಲ್ಲ.

ನಾನು ಎದ್ದು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಶೆಟ್ಟರು ಅಷ್ಟು ಪ್ರೀತಿ ತೋರಿಸುವಾಗ ಕೆಡಿಸುವುದೇಕೆ ಅನ್ನುವ ದುರಾಸೆ.

ಶಿವಣ್ಣನೇ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೈಕಿನ ಮುಂದೆ ನಿಂತ.

"ನಾ ನೀರ ಮಾರಿಲ್ರೀ. ನಂದೆಲ್ಲಿ ನೀರಿತ್ತು? ನಾ ಪಂಪ್ ರಿಪೇರಿ ಮಾಡಾಂವ. ಹೊಳಿಗೆ ನೀರ ಬೇಕಿತ್ತು, ಅದೇನ್ ಸುಳ್ಳಲ್ಲ. ಮಾರಿದವ್ರಿಗೆ ರೊಕ್ಕಾನೂ ಬಂತು. ಆದ್ರ ನಮ್ಮಂಥಾವ್ರನ್ನ ಯಾರೂ ಕೇಳ್ಲಿಲ್ಲ. ಸಾಲಿಯೊಳಗ ಮಕ್ಕಳಿಲ್ಲ, ಬೇಕರಿ ಮುಚ್ಚೇತಿ, ನನ್ನ ಅಂಗಡೀನೂ ಮುಚ್ಚೇತಿ. ಕೆಲಸ ಹುಡುಕ್ಕೊಂಡು ಬಂದೇನಿ ನಾ."

ಈ ಸಲ ಚಪ್ಪಾಳೆ ಇಲ್ಲ. ಎಲ್ಲರಿಗೂ ಒಮ್ಮೆಲೇ ಸರೋವರದ ಸೌಂದರ್ಯ ಕಣ್ಣಿಗೆ ಬಿತ್ತು.

ಬ್ಯಾಂಕಿನಲ್ಲಿರುವ ಮಹಾಶಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಪಾಠ ಮಾಡಿದರು. ಇಷ್ಟವಿದ್ದವರು ತಾನೇ ಮಾರಿದ್ದು, ಎಲ್ಲ ವಿಲ್ಲಿಂಗ್ ಸೆಲ್ಲರ್ಸು, ಇದರಲ್ಲಿ ಅನ್ಯಾಯ ಎಲ್ಲಿ ಬಂತು ಅಂತ. ಸರಿ ಸ್ವಾಮಿ. ಮಾರಿದವನು ಒಪ್ಪಿದ, ಕೊಂಡವರು ಒಪ್ಪಿದರು. ಬೇಕರಿಯವಳು ಯಾವ ಕಾಗದಕ್ಕೆ ಸಹಿ ಹಾಕಿದ್ದಳು? ನದಿ ಉಳಿಯಬೇಕು, ನಿಜ. ಆದರೆ ನೀರಿಗೆ ಬೆಲೆ ಕಟ್ಟುವಾಗ ಅದನ್ನು ನಂಬಿಕೊಂಡ ಊರು ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ. ಆ ಬ್ಯಾಂಕಿನವರ ಮೇಲೂ ಬಂತು.

ಶೆಟ್ಟರು ಅಷ್ಟರಲ್ಲಿ ಕೈ ಬಿಡಿಸಿಕೊಂಡಿದ್ದರು. ರೆಸ್ಯೂಮೆ ಕಳಿಸಿ, ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದ್ದಿದ್ರೆ ಒಳ್ಳೇದಿತ್ತು ಅಂದರು. (ವಾರದ ಹಿಂದೆ ವಿಮಾನ ಇಳಿದವನಿಗೆ.) ಆದರೂ ಮನೆಗೆ ಬಂದವರೇ ಕಳಿಸಿದೆವು. ಆಸೆ ಯಾರಪ್ಪನ ಮನೆಯದು?

ಮರುದಿನ ಮಧ್ಯಾಹ್ನ ಶೆಟ್ಟರ ಫೋನು. ಶಿವಣ್ಣ ಊಟದ ತಟ್ಟೆ ಬಿಟ್ಟು ಎದ್ದು ಬಂದು ನನ್ನ ಪಕ್ಕ ನಿಂತ. ಸ್ಪೀಕರಿಗೆ ಹಾಕಿದೆ.

"ಮೇಡಂ, ನಿಮ್ಮ ಅಣ್ಣನ ಹತ್ರ ಒಂದು ಕೇಳ್ಬೇಕಿತ್ತು. ಆ ನೀರು ಮಾರಿದವರಿದ್ದಾರಲ್ಲ, ಅವರ ಪೈಕಿ ನಮ್ಮ ವರ್ಕ್‌ಶಾಪಿಗೆ ದುಡ್ಡು ಹಾಕುವಂಥ ಯಾರದ್ದಾದ್ರೂ ನಂಬರ್ ಉಂಟಾ?"

ಸರ್ಕಾರವನ್ನು ಬೈದು ಏನು ಪ್ರಯೋಜನ ಹೇಳಿ, ನಾವೂ ಕೇಳುವುದು ಮಾರಿದವನ ನಂಬರನ್ನೇ.