ಅತ್ತೆ ಕೇಳಿದ ಎರಡನೆಯ ಚೀಟಿ

2024ರ ಮೇ 7, ಮಂಗಳವಾರ, ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಅದಕ್ಕೂ ಕೆಲವು ದಿನ ಮೊದಲು, ಎಂಬತ್ತೈದು ದಾಟಿದವರ ಮತವನ್ನು ಮನೆಯಲ್ಲೇ ಪಡೆಯುವ ತಂಡವೊಂದು ಸಿದ್ದಾಪುರ ಪೇಟೆಯಲ್ಲಿರುವ ನನ್ನ ಸೋದರತ್ತೆಯ ಮನೆಗೆ ಬಂತು. ಅತ್ತೆಗೆ ಆಗ ಎಂಬತ್ತೇಳು. ಕೊಟ್ಟ ಮತಪತ್ರವನ್ನು ತಿರುವಿ ನೋಡಿ ಅವಳು ಕೇಳಿದಳು: "ಇನ್ನೊಂದು ಎಲ್ಲಿದ್ದು?"

ಅಂದು ನನಗೆ ಪತ್ರಿಕೆಯ ಕೆಲಸಕ್ಕೆ ರಜೆ. ಶಿರಸಿಯಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ. ಅತ್ತೆ ಇರುವುದು ಮಗಳ ಜೊತೆ. ಮೊಣಕಾಲು ನೋವಿನಿಂದ ಮತಗಟ್ಟೆಯಿರುವ ಶಾಲೆಯ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಮಗಳೇ ಬೂತ್ ಮಟ್ಟದ ಅಧಿಕಾರಿಗೆ ಹೇಳಿ ಮನೆಯ ಮತದಾನಕ್ಕೆ ಅರ್ಜಿ ಕೊಡಿಸಿದ್ದಳು. ಅತ್ತೆ ಸಹಿ ಹಾಕಿದ್ದಳು, ಖುಷಿಯಿಂದಲ್ಲ. ಮತ ಹಾಕುವ ದಿನವೆಂದರೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ದಾರಿಯ ಮನೆಗಳಲ್ಲಿ ನಿಂತು ಮಾತಾಡಿ, ಸಾಲಿನಲ್ಲಿ ಹಳೆಯ ಪರಿಚಯದವರನ್ನು ಕಂಡು ಬರುವ ದಿನ ಅವಳಿಗೆ. ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ.

ಮನೆಯ ಮತದಾನಕ್ಕೆ ಒಪ್ಪಿದವರ ಹೆಸರಿನ ಮುಂದೆ ಮತದಾರರ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಅವರು ಆಮೇಲೆ ಮತಗಟ್ಟೆಗೆ ಹೋದರೂ ಮತ ಹಾಕುವಂತಿಲ್ಲ. ತಂಡ ಬಂದಾಗ ಹಾಕದಿದ್ದರೆ ಆ ಸಲದ ಮತ ಹೋದಂತೆಯೇ. ಇದು ಮಗಳಿಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು.

ತಂಡದ ಹಿರಿಯ ಅಧಿಕಾರಿ ಹಾವೇರಿ ಕಡೆಯ ಮೇಷ್ಟರು. ಸಮಾಧಾನದ ಮನುಷ್ಯ. ರಟ್ಟಿನ ಮರೆಯನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ಪೆನ್ನು, ಲಕೋಟೆ ಎಲ್ಲ ಜೋಡಿಸಿಟ್ಟಿದ್ದರು. ಜೊತೆಯ ಇನ್ನೊಬ್ಬ ಅಧಿಕಾರಿ, ವಿಡಿಯೊ ತೆಗೆಯುವವ ಮತ್ತು ಪೊಲೀಸ್ ಬಾಗಿಲ ಹತ್ತಿರ ನಿಂತಿದ್ದರು.

"ಅಜ್ಜಿ, ಇರೂದು ಒಂದ ಚೀಟಿ ನೋಡ್ರಿ" ಎಂದರು ಮೇಷ್ಟರು.

"ಡೆಲ್ಲಿಯಲ್ಲಿ ಮನೆ ಎಷ್ಟಿದ್ದು?"

"ಎರಡು ರೀ. ಲೋಕಸಭಾ, ರಾಜ್ಯಸಭಾ."

"ಮತ್ತೆ?"

ಮೇಷ್ಟರು ನನ್ನ ಮುಖ ನೋಡಿದರು.

ಅತ್ತೆಯ ಲೆಕ್ಕಾಚಾರಕ್ಕೆ ಆಧಾರವಿತ್ತು. ತೊಂಬತ್ತರ ದಶಕದಲ್ಲಿ ದೊಡ್ಮನೆ ಊರಿನ ಕಡೆ ಇದ್ದಾಗ ಅವಳು ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದಳು. ಪೇಟೆಗೆ ಬಂದು ಎಷ್ಟೋ ವರ್ಷವಾದರೂ ಆ ಕಡೆಯವರು ಅವಳನ್ನು ಈಗಲೂ "ಮೆಂಬರ್ರು" ಎಂದೇ ಕರೆಯುತ್ತಾರೆ. ಬೆಂಗಳೂರಿನ ಮೇಲ್ಮನೆ ವಿಧಾನ ಪರಿಷತ್ತು. ಅದರ ಕೆಲವು ಸ್ಥಾನಗಳಿಗೆ ಸ್ಥಳೀಯ ಸಂಸ್ಥೆಗಳ ಸದಸ್ಯರು ಮತ ಹಾಕುತ್ತಾರೆ. ಅತ್ತೆಯೂ ಹಾಕಿದ್ದಳು. ಅಭ್ಯರ್ಥಿಗಳ ಹೆಸರಿನ ಮುಂದೆ ಮುದ್ರೆ ಒತ್ತದೆ, ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಅಂಕೆ ಬರೆಯುವ ಚುನಾವಣೆ ಅದು. ಎಂದೂ ಮನೆ ಕಡೆ ತಲೆ ಹಾಕದವರು ಆ ತಿಂಗಳು ಬಂದು "ಅಕ್ಕಾ" ಎಂದು ಕರೆದು ಚಾ ಕುಡಿದು ಹೋದದ್ದನ್ನು ಅತ್ತೆ ಅನೇಕ ಸಲ ಹೇಳಿದ್ದಾಳೆ. ತಾಲ್ಲೂಕು ಪಂಚಾಯಿತಿಗೂ ಜಿಲ್ಲಾ ಪಂಚಾಯಿತಿಗೂ ಒಂದೇ ದಿನ ಎರಡು ಮತ ಹಾಕಿದ ಅನುಭವವೂ ಇತ್ತು. ಹೀಗಾಗಿ ದೆಹಲಿಯಲ್ಲಿ ಎರಡು ಮನೆಗಳಿದ್ದರೆ ತನಗೆ ಎರಡು ಚೀಟಿ ಬರಬೇಕು.

"ಆಯಿ, ಸುಮ್ನೆ ಹಾಕೆ. ಅವಕ್ಕೆ ಇನ್ನೂ ಎಷ್ಟು ಮನೆಗೆ ಹೋಗವೇನ" ಎಂದಳು ಮಗಳು.

"ನೀ ಸುಮ್ನಿರು. ತಮಾ, ನೀ ಪೇಪರಿನವ. ನೀ ಹೇಳು."

ನಾನು ವರದಿ ಬರೆಯುವ ಕ್ರಮದಲ್ಲೇ ಹೇಳಿದೆ. ಲೋಕಸಭೆಗೆ ದೇಶದಲ್ಲಿ 543 ಕ್ಷೇತ್ರ, ಅದರಲ್ಲಿ ನಮ್ಮದೊಂದು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕರಾವಳಿ, ಹಳಿಯಾಳ, ಅತ್ತ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳ ಜನ ಒಬ್ಬರನ್ನು ಕಳಿಸುತ್ತಾರೆ. ಅವಧಿ ಐದು ವರ್ಷ. ರಾಜ್ಯಸಭೆಯ ಕ್ರಮ ಬೇರೆ. ಅಲ್ಲಿ ಕರ್ನಾಟಕಕ್ಕೆ ಹನ್ನೆರಡು ಸ್ಥಾನ, ಅವಧಿ ಆರು ವರ್ಷ. ಅದನ್ನು ವಿಸರ್ಜಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ, ಆ ಸ್ಥಾನಗಳಿಗೆ ಶಾಸಕರು ಮತ ಹಾಕುತ್ತಾರೆ. ಅಲ್ಲೂ ಒಂದು, ಎರಡು ಎಂದು ಅಂಕೆ ಬರೆಯುವುದೇ. ಇವರಲ್ಲದೆ ಹನ್ನೆರಡು ಮಂದಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ.

"ಅಂಕೆ ಬರೆಯೋದೇ ಹೌದಲೆ? ಹಂಗಾದ್ರೆ ಮೆಂಬರ್ರದ್ದೇ ಅದು" ಎಂದಳು ಅತ್ತೆ.

"ಬೆಂಗ್ಳೂರಿಗೆ ಮೆಂಬರ್ರು ಅತ್ತೆ. ಡೆಲ್ಲಿಗೆ ಎಮ್ಮೆಲ್ಲೆ."

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಇಟ್ಟಳು. ಮೇಷ್ಟರು ಗಡಿಯಾರ ನೋಡಿಕೊಂಡರು. "ಇವತ್ತ ಆಗ್ಲಿಲ್ಲಂದ್ರ ಮತ್ತೊಮ್ಮೆ ಬರ್ತೀವಿ ಅಜ್ಜಿ. ಅದು ಕಡೀದು ನೋಡ್ರಿ. ಆಮೇಲೆ ನಮ್ಮ ಕೈಯಾಗ ಇಲ್ಲ."

ಆಗ ಅತ್ತೆ ಮನಸ್ಸಿನಲ್ಲಿದ್ದುದನ್ನು ಹೇಳಿದಳು. "ಶಾಲೆಗೆ ಹೋದವಕ್ಕೆ ಎರಡು ಕೊಟ್ಟು, ಮನೇಲಿ ಕುಂತವಕ್ಕೆ ಒಂದೇ ಕೊಡ್ತ್ವನ ಹೇಳಿ ಎಂಗೆ ಅನುಮಾನ. ಕಾಲು ನಡೀತಿಲ್ಲೆ ಹೇಳಿ ವೋಟು ಅರ್ಧ ಆಗಲಾಗ."

ಮಗಳು ಅಡಿಗೆಮನೆಗೆ ಹೋದಳು. ಎಲ್ಲರಿಗೂ ಮಜ್ಜಿಗೆ ತಂದಳು. ಕರ್ತವ್ಯದ ಮೇಲಿದ್ದಾಗ ಮನೆಯವರದು ಏನೂ ಕುಡಿಯುವುದಿಲ್ಲ ಎಂದು ಮೇಷ್ಟರು ಕೈ ಮುಗಿದರು. ಪೊಲೀಸ್ ಆಸೆಯಿಂದ ಲೋಟ ನೋಡಿ, ಅವನೂ ಬೇಡವೆಂದ.

ನಾನು ಬೇರೆ ದಾರಿ ಹಿಡಿದೆ. "ಅತ್ತೆ, ಸೊಸೈಟಿಯಲ್ಲಿ ಷೇರಿದ್ದವೆಲ್ಲ ಯಾರಿಗೆ ವೋಟು ಹಾಕ್ತ?"

"ಡೈರೆಕ್ಟರಿಗೆ."

"ಜಿಲ್ಲೆ ಮೇಲಿನ ಸಂಸ್ಥೆಗೆ ನಮ್ಮ ಸೊಸೈಟಿಯಿಂದ ಒಬ್ಬವ ಹೋಗ್ತ. ಅವನ್ನ ಯಾರು ಕಳಿಸ್ತ?"

"ಡೈರೆಕ್ಟರ್ರು ಕುಂತು ಠರಾವು ಮಾಡಿ ಕಳಿಸ್ತ."

"ನಿಂಗೆ ಅದಕ್ಕೆ ಬೇರೆ ಚೀಟಿ ಕೊಡ್ತ್ವ?"

ಅಡಿಕೆ ಬೆಳೆಯುವ ಊರುಗಳಲ್ಲಿ ವಿಧಾನಸಭೆಗಿಂತ ಸಹಕಾರಿ ಸೊಸೈಟಿಯ ಚುನಾವಣೆಯ ನಿಯಮಗಳು ಜನರಿಗೆ ಚೆನ್ನಾಗಿ ಗೊತ್ತು. ಅತ್ತೆ ಚೀಟಿಯ ಮೇಲಿನ ಅಂಗೈ ತೆಗೆದಳು.

"ಹಂಗಾದ್ರೆ ಹೋದ ವರ್ಷ ಎಮ್ಮೆಲ್ಲೆಗೆ ಹಾಕಿದ್ನಲೆ, ಅದರೊಳಗೇ ಇದೂ ಸೇರಿ ಹೋತು?"

"ಹೌದು. ಈ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಚುನಾವಣೆ ಆತು. ಎಮ್ಮೆಲ್ಲೆಗಳು ಹಾಕಿದ."

"ಎನ್ನ ಒಂದು ಮಾತು ಕೇಳಿದ್ವಿಲ್ಲೆ."

"ಸೊಸೈಟಿ ಡೈರೆಕ್ಟರ್ರು ಕೇಳ್ತ್ವ?"

"ಅವು ಎಂತ ಕೇಳ್ತ" ಎಂದು ನಕ್ಕಳು. ಮೇಷ್ಟರೂ ನಕ್ಕರು. ಕೆಲಸ ಮುಗಿಯಿತೆಂದು ನಾನು ಅಂದುಕೊಂಡೆ. ಆದರೆ ಅವಳಿಗೆ ಇನ್ನೊಂದು ಪ್ರಶ್ನೆ ಇತ್ತು.

"ಒಂದು ಮನೆ ಇದ್ದ ಮೇಲೆ ಮತ್ತೊಂದು ಎಂತಕ್ಕೆ?"

ಒಂದು ಸದನ ಒಪ್ಪಿದ ಮಸೂದೆಯನ್ನು ಇನ್ನೊಂದು ಸದನ ನೋಡಿ ಒಪ್ಪಬೇಕು, ಅವಸರದಲ್ಲಿ ಆದ ತಪ್ಪು ಅಲ್ಲಿ ಸಿಗಬಹುದು ಎಂದೆ. ಹಣದ ಮಸೂದೆ ಮಾತ್ರ ಕೆಳಮನೆಯದೇ, ಮೇಲ್ಮನೆ ಅದನ್ನು ಹದಿನಾಲ್ಕು ದಿನದೊಳಗೆ ಹಿಂದಿರುಗಿಸಬೇಕು, ಸಲಹೆ ಕೊಡಬಹುದು, ತಡೆಯುವಂತಿಲ್ಲ ಎಂದೂ ಹೇಳಿದೆ.

"ಎಂಗಳ ಅತ್ತೆ ಹಂಗೇ ಇತ್ತು" ಎಂದಳು. "ಕೀಲಿಕೈ ಎನ್ನ ಸೆರಗಲ್ಲಿ. ಆದ್ರೂ ದಿನಾ ಒಂದು ಸಲಹೆ."

"ನಮ್ಮನ್ಯಾಗ ಈಗೂ ಹಂಗ ಐತ್ರಿ" ಎಂದ ಪೊಲೀಸ್, ಬಾಗಿಲಿನಿಂದ.

ಶಾಸಕರು ರಾಜ್ಯಸಭೆಗೆ ಮತ ಹಾಕುವಾಗ ಗುರುತು ಮಾಡಿದ ಚೀಟಿಯನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಮಾತಿಗೆ ಮಾತು ಬಂದು ಇದನ್ನೂ ಹೇಳಿಬಿಟ್ಟೆ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ನೋಡಿದಳು.

"ತೋರಿಸಿ ಹಾಕೋದಾ? ಎಮ್ಮೆಲ್ಲೆ?"

"ಹೌದು."

"ಎನ್ನದನ್ನ ಯಾರೂ ನೋಡಲಾಗ ಅಲ್ದಾ?"

"ಯಾರೂ ನೋಡೂಹಂಗಿಲ್ಲ ರೀ" ಎಂದರು ಮೇಷ್ಟರು.

"ಹಂಗಾದ್ರೆ ಎಲ್ಲ ಹೊರಗೆ ಹೋಗಿ. ತಮಾ, ನೀ ಪೇಪರಿನವ, ನೀ ಮೊದ್ಲು ಹೋಗು. ಆ ಕ್ಯಾಮರಾ ಆ ಬದಿಗೆ ತಿರುಗ್ಲಿ."

ಗುರುತು ಮಾಡುವುದನ್ನು ಚಿತ್ರಿಸುವುದಿಲ್ಲ ಎಂದು ಮೇಷ್ಟರು ಭರವಸೆ ಕೊಟ್ಟು ತಮ್ಮವರನ್ನು ಬಾಗಿಲಿನ ಹೊರಗೆ ಕರೆದುಕೊಂಡರು. ಮಗಳನ್ನೂ ಅತ್ತೆ ಒಳಗೆ ಬಿಡಲಿಲ್ಲ. ನಾವು ಜಗಲಿಯಲ್ಲಿ ನಿಂತೆವು. ಮೇಷ್ಟರು ಮುಂದಿನ ಮನೆಯ ದಾರಿ ಕೇಳಿದರು, ನಾನು ಹೇಳಿದೆ. ಒಳಗಿನಿಂದ ಸದ್ದಿಲ್ಲ. ಮಗಳು ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದಳು: "ಭಾವಾ, ಹಾಕ್ತೇನ ಇದು?"

ಸ್ವಲ್ಪ ಹೊತ್ತಿನ ಮೇಲೆ "ಬನ್ನಿ" ಎಂಬ ದನಿ ಕೇಳಿಸಿತು. ಚಿಕ್ಕ ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಅದರ ಅಂಚನ್ನು ಅತ್ತೆ ಹೆಬ್ಬೆರಳಿನಿಂದ ಇನ್ನೂ ಒತ್ತುತ್ತಿದ್ದಳು. ಘೋಷಣೆಗೆ ಸಹಿ ಮಾಡಿದಳು. ಚಿಕ್ಕದೂ ಘೋಷಣೆಯೂ ದೊಡ್ಡ ಲಕೋಟೆಯೊಳಗೆ ಹೋದವು. ಮೇಷ್ಟರು ಅದನ್ನು ಪೆಟ್ಟಿಗೆಗೆ ಹಾಕುವುದನ್ನು ಅವಳು ಎದ್ದು ನಿಂತು ನೋಡಿದಳು.

ಮೇ 7ರಂದು ನಾನು ಸುದ್ದಿಗಾಗಿ ಯಲ್ಲಾಪುರದ ಕಡೆ ಇದ್ದೆ. ಸಿದ್ದಾಪುರದಲ್ಲಿ ನಡೆದದ್ದನ್ನು ಅತ್ತೆಯ ಮಗಳು ಸಂಜೆ ಫೋನಿನಲ್ಲಿ ಹೇಳಿದಳು. ಅತ್ತೆ ಬೆಳಿಗ್ಗೆಯೇ ಇಸ್ತ್ರಿ ಸೀರೆ ಉಟ್ಟು ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳಂತೆ. ಮತಗಟ್ಟೆಯಿಂದ ವಾಪಸಾಗುವವರೆಲ್ಲ ಆ ಮನೆಯ ಮುಂದೆಯೇ ಹೋಗಬೇಕು. ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದಳಂತೆ: "ಎಷ್ಟು ಸಲ ಒತ್ತಿದ್ರಿ?" ಎಲ್ಲರೂ ಒಂದೇ ಸಲ ಎಂದರು. ಒಬ್ಬ ಮಾತ್ರ ತಮಾಷೆಗೆ "ಎರಡು" ಎಂದ. ಅವನನ್ನು ಕರೆದು ಕೂರಿಸಿ ವಿಚಾರಿಸಿ, ಅವನ ಹೆಂಡತಿ ಬಂದು ನಿಜ ಹೇಳಿದ ಮೇಲೆಯೇ ಎದ್ದು ಹೋಗಲು ಬಿಟ್ಟಳಂತೆ. ಮಧ್ಯಾಹ್ನದ ಊಟವನ್ನು ಅವಳಿಗೆ ಜಗಲಿಯಲ್ಲೇ ಬಡಿಸಬೇಕಾಯಿತು.

ಜೂನ್ 4ರಂದು ಮತ ಎಣಿಕೆ ನಡೆಯಿತು. ಅಂಚೆ ಮತಗಳ ಎಣಿಕೆ ಮೊದಲು ಶುರುವಾಯಿತು. ಅತ್ತೆ ಯಾರಿಗೆ ಹಾಕಿದಳೆಂದು ಮಗಳಿಗೂ ಹೇಳಿಲ್ಲ. ಮುಂದಿನ ಚುನಾವಣೆಗೆ ಮನೆಗೆ ಯಾರನ್ನೂ ಕಳಿಸಬೇಡಿ, ತಾನು ಶಾಲೆಗೇ ಬರುತ್ತೇನೆ ಎಂದು ಬೂತ್ ಮಟ್ಟದ ಅಧಿಕಾರಿಗೆ ತಿಳಿಸಿದ್ದಾಳೆ.